ವಯಸ್ಸಾದವರಿಗೆ ‘ರಿಸ್ಕ್ ಜಾಸ್ತಿ’ ಅಂತ ಎಮರ್ಜೆನ್ಸಿಯಲ್ಲಿ ಏನು ನೋಡಿ ಹೇಳುತ್ತಾರೆ?

ನಿಮ್ಮ ಅಜ್ಜನಿಗೆ 78 ವರ್ಷ, ಜ್ವರ ಇರಲಿಲ್ಲ, ಬಿಪಿಯ ಮೇಲಿನ ಅಂಕಿ 108 ಇತ್ತು. ಆದರೂ ಡಾಕ್ಟರ್ ಜೀವಕ್ಕೆ ಅಪಾಯ ಅಂದರು, ಸುಮ್ನೆ ಹೆದರಿಸಿದರಾ ಅಂತ ಕೇಳಿದ್ದೀರಿ.

ಹೆದರಿಸಲು ಹೇಳಿದ್ದಲ್ಲ. ನಾನು ದಾವಣಗೆರೆಯ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಸ್ಟಾಫ್ ನರ್ಸ್. ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯಿಂದ ದಿನಾ ವಯಸ್ಸಾದವರು ಬರುತ್ತಾರೆ. ವಯಸ್ಸಾದ ಮೈ ಕಾಯಿಲೆಯನ್ನು ಬಚ್ಚಿಡುತ್ತದೆ. ಒಳಗೆ ದೊಡ್ಡ ಸೋಂಕಿದ್ದರೂ ಎಷ್ಟೋ ಸಲ ಮೈ ಬಿಸಿ ಆಗುವುದಿಲ್ಲ. ಯಾವಾಗಲೂ 160 ಇರುವವರಿಗೆ 108 ಬಂದರೆ ಬಿಪಿ ಕುಸಿದಿದೆ ಅಂತಲೇ ಅರ್ಥ. ಬಿಪಿಗೆ, ಹೃದಯಕ್ಕೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ನುಂಗುವವರ ನಾಡಿ ಏರಬೇಕಾದಷ್ಟು ಏರುವುದಿಲ್ಲ. ಅದಕ್ಕೇ ಬರುವಾಗ ಮಾತ್ರೆ ಚೀಟಿ, ಸ್ಟ್ರಿಪ್ ಎಲ್ಲಾ ತನ್ನಿ.

ಅಪಾಯ ಎಷ್ಟು ಅಂತ ಅಂಕ ಹಾಕುವ ಪದ್ಧತಿಗಳೂ ಇವೆ. ಬ್ರಿಟನ್ನಿನಲ್ಲಿ 2012ರಲ್ಲಿ ಬಂದ ‘ನ್ಯೂಸ್’ (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್) ಅಂಥದ್ದು. ಉಸಿರು, ಆಕ್ಸಿಜನ್, ಬಿಪಿ, ನಾಡಿ, ಟೆಂಪರೇಚರ್, ಪ್ರಜ್ಞೆ ನೋಡಿ ಅಂಕ ಕೊಡುತ್ತಾರೆ. ಒಟ್ಟು 7 ಅಥವಾ ಜಾಸ್ತಿ ಆಯಿತೆಂದರೆ ಡಾಕ್ಟರು ಕೂಡಲೇ ಓಡಿ ಬರಬೇಕು. 2017ರಲ್ಲಿ ಅದನ್ನು ತಿದ್ದಿ, ಹೊಸದಾಗಿ ಶುರುವಾದ ಗಲಿಬಿಲಿಗೆ ಒಂದೇ ಸಲ 3 ಅಂಕ ಇಟ್ಟರು. ಆದರೆ ನಿಮ್ಮ ಅಜ್ಜನ 108ಕ್ಕೆ ಅದರಲ್ಲಿ ಸಿಗುವುದು ಬರೀ 1. ಅಂಕ ಒಂದನ್ನೇ ನಂಬಿ ಕೂರುವಂತಿಲ್ಲ.

ಒಮ್ಮೆ ಒಬ್ಬ ಅಜ್ಜಿಯನ್ನು ಕರೆತಂದಿದ್ದರು. ಮಗ, ‘ವಯಸ್ಸಾಯ್ತಲ್ಲ ಸಿಸ್ಟರ್, ಮರೆವು’ ಅಂದ. ಸೊಸೆ ಹಿಂದಿನಿಂದ ಮೆಲ್ಲಗೆ, ‘ಮೊನ್ನೆ ತನಕ ಅತ್ತೆನೇ ರೊಟ್ಟಿ ಬಡಿತಿದ್ರು. ನಿನ್ನೆ ರಾತ್ರಿಯಿಂದ ನನ್ನ ಗುರುತೇ ಸಿಗ್ತಿಲ್ಲ ಅವರಿಗೆ’ ಅಂದಳು. ಅಜ್ಜಿಯ ಬೆರಳು ಸುಮ್ಮನಿರದೆ ಬೆಡ್‌ಶೀಟ್ ಹಿಡಿದು ಕೀಳುತ್ತಿದ್ದವು. ಹೊಟ್ಟೆಯ ಮೇಲೆ ಕೈಯಿಟ್ಟು ಪೂರಾ ಒಂದು ನಿಮಿಷ ಉಸಿರು ಎಣಿಸಿದೆ. 28, ತುಂಬಾ ಜಾಸ್ತಿ. ಮೈಗೆ ಆಕ್ಸಿಜನ್ ಸಾಲದಾದಾಗ ರಕ್ತದಲ್ಲಿ ಹೆಚ್ಚುವ ಲ್ಯಾಕ್ಟೇಟ್ ಅನ್ನುವ ಅಂಶ ಏರಿತ್ತು. ಮೂತ್ರದ ಸೋಂಕು ರಕ್ತಕ್ಕೆ ಹರಡಿತ್ತು. ಸೊಸೆ ಆ ಮಾತು ಹೇಳದಿದ್ದರೆ ನಾವೂ ಮರೆವು ಅಂತಲೇ ಬರೆದುಕೊಳ್ಳುತ್ತಿದ್ದೆವೋ ಏನೋ.

ರೊಟ್ಟಿ ಬಡಿಯುತ್ತಿದ್ದರು ಅನ್ನುವ ಮಾತಿಗೂ ಅಷ್ಟೇ ಬೆಲೆ. ಮೈ ಎಷ್ಟು ಸೋತಿದೆ ಅಂತ ಅಳೆಯಲು ಕೆನಡಾದ ವೈದ್ಯರು 2005ರಲ್ಲಿ ಮಾಡಿದ ಒಂದು ಅಳತೆ ಇದೆ, ಈಗ ಅದರಲ್ಲಿ 9 ಮೆಟ್ಟಿಲು. ಮೊದಲನೆಯದು ಗಟ್ಟಿಮುಟ್ಟು. ಮೇಲೇರಿದಷ್ಟೂ ಸ್ನಾನಕ್ಕೆ, ಊಟಕ್ಕೆ ಇನ್ನೊಬ್ಬರ ಕೈ ಬೇಕು. ಮಂಚದ ಮೇಲೆ ಈಗ ಹೇಗಿದ್ದಾರೆ ಅಂತಲ್ಲ, ಕಾಯಿಲೆ ಬೀಳುವ ಎರಡು ವಾರದ ಹಿಂದೆ ಹೇಗಿದ್ದರು ಅಂತ ನೋಡಬೇಕು. ಹೊಲಕ್ಕೆ ಹೋಗಿ ಬರುವ 85ರವರು ತಡೆದುಕೊಳ್ಳುವುದನ್ನು, ವರ್ಷದಿಂದ ಹಾಸಿಗೆ ಹಿಡಿದ 70ರವರು ತಡೆದುಕೊಳ್ಳದೇ ಇರಬಹುದು. ಅದನ್ನು ಯಾವ ಮಾನಿಟರ್ರೂ ತೋರಿಸುವುದಿಲ್ಲ, ಮನೆಯವರೇ ಹೇಳಬೇಕು.

ಆ ಅಜ್ಜಿಯನ್ನು ಐಸಿಯುಗೆ ಹಾಕಿದರು. ಎಂಟನೇ ದಿನ ಸೊಸೆಯ ಹೆಸರು ಹಿಡಿದು ಕರೆದರು.

ನಿಮ್ಮ ಅಜ್ಜ ಎರಡು ವಾರದ ಹಿಂದೆ ಹೇಗಿದ್ದರು, ಮಾಮೂಲಿ ಬಿಪಿ ಎಷ್ಟಿರುತ್ತಿತ್ತು ಅನ್ನುವುದನ್ನು ಡಾಕ್ಟರಿಗೆ ಹೇಳಿದ್ದೀರಾ? ಹೇಳಿಲ್ಲ ಅಂದರೆ ಇವತ್ತೇ ಹೋಗಿ ಹೇಳಿ.