ಓದುಗರ ಪ್ರಶ್ನೆ: ಹಳೇ ಗೋಲಿ, ಹಳೇ ಡಬ್ಬಿ

ಪ್ರಶ್ನೆ: ಅಮೆರಿಕದ ಆಕ್ರೋ ಅಗೇಟ್ ಕಂಪನಿಯದ್ದು ಎಂದು ಹೇಳಿದ 25 ಗೋಲಿಗಳ ರಟ್ಟಿನ ಡಬ್ಬಿಯೊಂದನ್ನು ಆನ್‌ಲೈನ್‌ನಲ್ಲಿ ಕೊಂಡಿದ್ದೇನೆ. ಗೋಲಿಗಳು ಹಳೆಯವೇ ಅನ್ನಿಸುತ್ತವೆ. ಡಬ್ಬಿಯೂ ಅಸಲಿಯೇ ಎಂದು ತಿಳಿಯುವುದು ಹೇಗೆ?
– ಓದುಗರು, ಶಿವಮೊಗ್ಗ

ಉತ್ತರ: ಗೋಲಿಯೂ ಹಳೆಯದು, ಡಬ್ಬಿಯೂ ಹಳೆಯದು, ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲ! ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಖಾಲಿ ಡಬ್ಬಿ ಎಲ್ಲೋ ಸಿಗುತ್ತದೆ, ಬಿಡಿ ಗೋಲಿ ಇನ್ನೆಲ್ಲೋ ಸಿಗುತ್ತದೆ, ಎರಡನ್ನೂ ಕೂಡಿಸಿದರೆ ಬೆಲೆ ಏರುತ್ತದೆ. ಆದ್ದರಿಂದ ಇವೆರಡೂ ಜೊತೆಯಲ್ಲೇ ಹಳತಾದವೇ ಎಂದು ನೋಡಬೇಕು.

ಮೊದಲು ಅಕ್ಷರ ಓದಿ. ಆಕ್ರೋ ಅಗೇಟ್ 1914ರಲ್ಲಿ ಒಹಾಯೋದ ಆಕ್ರನ್ ಬಿಟ್ಟು ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ಗೆ ಹೋಯಿತು, 1951ರಲ್ಲಿ ಬಾಗಿಲು ಹಾಕಿತು. ಕ್ಲಾರ್ಕ್ಸ್‌ಬರ್ಗ್ ವಿಳಾಸದ ಡಬ್ಬಿ ಆ ಅವಧಿಯದ್ದೇ ಆಗಿರಬೇಕು. ಅಮೆರಿಕದಲ್ಲಿ ಐದಂಕಿಯ ಜಿಪ್ ಕೋಡ್ ಬಂದದ್ದು 1963ರಲ್ಲಿ, ಅಂಗಡಿ ಸಾಮಾನಿನ ಮೇಲೆ ಬಾರ್‌ಕೋಡ್ ಓದಲು ಶುರುವಾದದ್ದು 1974ರಲ್ಲಿ. ಇವೆರಡರಲ್ಲಿ ಒಂದು ಕಂಡರೂ ಉಳಿದ ಪರೀಕ್ಷೆ ಬೇಕಿಲ್ಲ. ಒಳಗೆ ಬೆಕ್ಕಿನಕಣ್ಣಿನ ಗೋಲಿ (ತಿಳಿಗಾಜಿನ ನಡುವೆ ಬೆಕ್ಕಿನ ಕಣ್ಣಿನಂತೆ ಬಣ್ಣದ ಎಸಳಿರುವುದು) ಇದ್ದರೂ ಅಷ್ಟೇ. ಅವು ಅಮೆರಿಕದ ಮಾರುಕಟ್ಟೆ ತುಂಬಿದ್ದು 1950ರ ದಶಕದಲ್ಲಿ, ಜಪಾನಿನಿಂದ ಬಂದು. ಆ ಹೊತ್ತಿಗೆ ಆಕ್ರೋ ಮುಚ್ಚಿಹೋಗಿತ್ತು.

ಮುಂದಿನದು ಮುದ್ರಣ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹತ್ತು ಪಟ್ಟಿನ ಲೂಪ್ ಸಾಕು. ಹಳೇ ಡಬ್ಬಿಯಲ್ಲಿ ಅಕ್ಷರ ಗಟ್ಟಿ ಶಾಯಿಯಲ್ಲಿರುತ್ತದೆ, ಅಂಚು ಚೊಕ್ಕವಾಗಿರುತ್ತದೆ. ಅಚ್ಚುಮೊಳೆಯ ಮುದ್ರಣವಾದರೆ ಅಂಚಿನಲ್ಲಿ ಶಾಯಿ ಒತ್ತಿ ಬಂದ ಕಪ್ಪು ಗೆರೆಯೂ ಕಾಣುತ್ತದೆ. ಸ್ಕ್ಯಾನ್ ಮಾಡಿ ತೆಗೆದ ನಕಲಿನಲ್ಲಿ ಅಕ್ಷರವೇ ಚುಕ್ಕೆಚುಕ್ಕೆಯಾಗಿ ಒಡೆದಿರುತ್ತದೆ. ಚುಕ್ಕೆಗಳು ಲೆಕ್ಕವಿಲ್ಲದೆ ಚೆಲ್ಲಿದಂತಿದ್ದರೆ ಇಂಕ್‌ಜೆಟ್, ಉಬ್ಬಿ ಹೊಳೆದರೆ ಲೇಸರ್.

ಆಮೇಲೆ ಯುವಿ ಟಾರ್ಚ್. 395 ನ್ಯಾನೋಮೀಟರಿನ ಅಗ್ಗದ ಟಾರ್ಚಿನ ನೇರಳೆ ಬೆಳಕು ಯಾವ ಬಿಳಿ ಕಾಗದದ ಮೇಲೆ ಬಿದ್ದರೂ ನೀಲಿಯಾಗಿಯೇ ಕಂಡು ದಾರಿ ತಪ್ಪಿಸುತ್ತದೆ, 365ರದ್ದೇ ತನ್ನಿ. ಕತ್ತಲೆ ಕೋಣೆಯಲ್ಲಿ ಡಬ್ಬಿಯ ಪಕ್ಕ ಈಗಿನ ಝೆರಾಕ್ಸ್ ಹಾಳೆ ಇಟ್ಟು ಹೋಲಿಸಿ. ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸುವುದು ರೂಢಿಗೆ ಬಂದದ್ದು 1950ರ ಆಸುಪಾಸಿನಲ್ಲಿ. ಡಬ್ಬಿಯ ರಟ್ಟು ಝೆರಾಕ್ಸ್ ಹಾಳೆಯಂತೆ ಉರಿನೀಲಿಯಾಗಿ ಹೊಳೆದರೆ ಅದು 1930ರದ್ದಲ್ಲ. ಹೊಳೆಯದಿದ್ದರೆ ಅಸಲಿ ಎಂದು ತೀರ್ಮಾನಿಸಬೇಡಿ; ಹಳೇ ಪುಸ್ತಕದ ಖಾಲಿ ಹಾಳೆಯಲ್ಲಿ ನಕಲು ಮುದ್ರಿಸುವ ಚಾಲಾಕಿಗಳೂ ಇದ್ದಾರೆ. ಜೊತೆಗೆ ಬಟ್ಟೆ ಚೀಲವಿದ್ದರೆ ಅದರ ಹೊಳಪನ್ನು ನಂಬಬೇಡಿ. ಡಿಟರ್ಜೆಂಟ್ ಪುಡಿಯಲ್ಲಿ ಒಮ್ಮೆ ಒಗೆದರೂ ಹಳೇ ಬಟ್ಟೆ ಹೊಳೆಯುತ್ತದೆ.

ಈಗ ಅಸಲು ವಿಚಾರ, ಗುರುತು. ದಶಕಗಟ್ಟಲೆ ಒಂದೇ ಜಾಗದಲ್ಲಿ ಕೂತ ಗೋಲಿ ರಟ್ಟಿನಲ್ಲಿ ತಗ್ಗು ಮಾಡಿರುತ್ತದೆ, ಸುತ್ತ ಧೂಳಿನ ಬಳೆ ಬಿಟ್ಟಿರುತ್ತದೆ. ಗೋಲಿ ತೆಗೆದು ಆ ಬಳೆಯ ಅಳತೆ ನೋಡಿ. 16 ಮಿ.ಮೀ. ಗೋಲಿ ಇರುವ ಕಡೆ 19 ಮಿ.ಮೀ. ಗೋಲಿಯ ಗುರುತಿದ್ದರೆ ಒಳಗಿನದ್ದು ಬದಲಾಗಿದೆ. ಕಾಗದ ಹಳದಿಯಾಗುವುದು ಗಾಳಿ ಬೆಳಕು ತಾಗುವ ಅಂಚಿನಿಂದ. ಮುಚ್ಚಳ ಮಡಿಚಿದ ಒಳಭಾಗ ತಿಳಿಯಾಗಿರಬೇಕು. ಒಳಗೂ ಹೊರಗೂ ಒಂದೇ ಕಂದು ಬಣ್ಣವಿದ್ದರೆ ಚಹಾ ಡಿಕಾಕ್ಷನ್‌ನಲ್ಲಿ ಅದ್ದಿರುವ ಸಾಧ್ಯತೆ ಹೆಚ್ಚು. ಪಿನ್ ಹೊಡೆದದ್ದಾದರೆ ಪಿನ್ನಿನ ತುಕ್ಕು ರಟ್ಟಿಗೂ ಇಳಿದಿರಬೇಕು. ಹೊಳೆಯುವ ಪಿನ್, ಪಕ್ಕದಲ್ಲೇ ತುಕ್ಕಿನ ಕಲೆಯ ಎರಡು ಖಾಲಿ ತೂತು ಕಂಡರೆ ಬಿಚ್ಚಿ ಮತ್ತೆ ಹೊಡೆದಿದ್ದಾರೆ.

ಗೋಲಿಗಳನ್ನೂ ಸಾಲಾಗಿಟ್ಟು ನೋಡಿ. ಕಾರ್ಖಾನೆಯ ಡಬ್ಬಿಯಲ್ಲಿ ಆಡಿದ ಪೆಟ್ಟಿನ ಅರ್ಧಚಂದ್ರ ಗುರುತುಗಳು ಇರಬಾರದು. ಎಣ್ಣೆ ಸವರಿದಂತೆ ಬಣ್ಣ ಬದಲಿಸುವ ಹೊಳಪಿದ್ದರೆ ಅದು ಇತ್ತೀಚಿನ ಮೆಕ್ಸಿಕೋ ಗೋಲಿಯಾಗಿರುವುದೇ ಹೆಚ್ಚು. ತೆರೆಯಲು ಮನಸ್ಸಾಗದ ಮುಚ್ಚಿದ ಡಬ್ಬಿಯಾದರೆ ತೂಗಿ. 16 ಮಿ.ಮೀ. ಗಾಜಿನ ಗೋಲಿ ಸುಮಾರು 5.4 ಗ್ರಾಂ, 25 ಸೇರಿ ಸುಮಾರು 135 ಗ್ರಾಂ, ಅದರ ಮೇಲೆ ರಟ್ಟಿನ ತೂಕ. ಅಕ್ರಿಲಿಕ್ ಗೋಲಿ ಇದರ ಅರ್ಧವೂ ತೂಗುವುದಿಲ್ಲ.

ಪ್ರಶ್ನೆ: ಅಟ್ಟದ ಮೇಲಿನ ತಗಡಿನ ಡಬ್ಬಿಯಲ್ಲಿ ಒಳಗೆ ಬಣ್ಣದ ಎಳೆ ತಿರುಚಿದ ಗೋಲಿಗಳು ಸಿಕ್ಕಿವೆ. ಎರಡು ತುದಿಯಲ್ಲೂ ಒರಟು ಗುರುತಿದೆ. ಉಜ್ಜಿಸಿ ಪಾಲಿಶ್ ಮಾಡಿಸಲೇ?
– ಓದುಗರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಬೇಡ. ಆ ಒರಟು ಗುರುತು ಗೋಲಿಯ ಹೊಕ್ಕುಳು. ಗಾಜಿನ ಸರಳಿನಿಂದ ಕತ್ತರಿಸಿದ ಜಾಗ ಅದು, ಕೈಯಲ್ಲಿ ಮಾಡಿದ್ದಕ್ಕೆ ಸಾಕ್ಷಿ. ಜರ್ಮನಿಯ ಲೌಷಾದಲ್ಲಿ 1840ರ ದಶಕದಲ್ಲಿ ಗೋಲಿ ಕತ್ತರಿ ಬಳಕೆಗೆ ಬಂತು, ಮೊದಲ ಮಹಾಯುದ್ಧದವರೆಗೂ ಅಲ್ಲಿಂದ ಇಂಥ ಗೋಲಿ ಊರೂರಿಗೆ ಹೋಯಿತು. ಗೋಲಿ ಉರುಳಿಸುವ ಯಂತ್ರಕ್ಕೆ ಆಕ್ರನ್‌ನ ಮಾರ್ಟಿನ್ ಕ್ರಿಸ್ಟೆನ್‌ಸನ್ ಪೇಟೆಂಟ್ ಪಡೆದದ್ದು 1905ರಲ್ಲಿ. ಪಾಲಿಶ್ ಮಾಡಿದರೆ ಈ ಗುರುತೇ ಅಳಿಯುತ್ತದೆ, ಬೆಲೆಯೂ ಬೀಳುತ್ತದೆ.

ಇಲ್ಲಣ ಹಿಡಿದಿದ್ದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದು ಹನಿ ಹಾಕಿ, ಮೃದು ಬ್ರಷ್‌ನಲ್ಲಿ ಒಂದೊಂದಾಗಿ ತೊಳೆಯಿರಿ. ಬಿಸಿನೀರು ಸುರಿದರೆ ಒಳಗೇ ಬಿರುಕು ಬಿಡಬಹುದು. ಸಬೀನ, ಹುಣಸೆಹಣ್ಣು, ಬೂದಿ ಇವೆಲ್ಲ ಹಿತ್ತಾಳೆ ಪಾತ್ರೆಗೆ ಇರಲಿ. ಮಣ್ಣಿನ ಗೋಲಿ ಬೆರೆತಿದ್ದರೆ ನೀರು ಮುಟ್ಟಿಸಲೇಬೇಡಿ. ತಗಡಿನ ಡಬ್ಬಿಯ ಮೇಲೆ ‘ವೆಸ್ಟ್ ಜರ್ಮನಿ’ ಎಂದಿದ್ದರೆ ಅದು 1949ರ ನಂತರದ್ದು, ಗೋಲಿಗಳ ಮೂಲ ಡಬ್ಬಿಯಲ್ಲ.

ಪ್ರಶ್ನೆ: ಶಿವಮೊಗ್ಗದ ಅಂಗಡಿಯ ಮೊಹರಿರುವ ಹಳೇ ಗೋಲಿ ಪೊಟ್ಟಣಗಳ ಕಾಲ ಹೇಳಬಹುದೇ?
– ಓದುಗರು, ಸಾಗರ

ಉತ್ತರ: ಬಹಳಷ್ಟು ಹೇಳಬಹುದು. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದು, ‘ನಯಾ ಪೈಸೆ’ ಎಂದಿದ್ದರೆ ಆಗಿನಿಂದ 1964ರವರೆಗಿನದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಮೊದಲಿನದು. ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ಹಾಗಾಗಿ 577201 ಮತ್ತು ‘ಮೈಸೂರು ರಾಜ್ಯ’ ಎರಡೂ ಇರುವ ಪೊಟ್ಟಣ ಸಿಕ್ಕರೆ ಸುಮಾರು ಹದಿನಾಲ್ಕು ತಿಂಗಳ ಕಿಂಡಿ. ಹಳೇ ಬ್ಲಾಕು, ಹಳೇ ಮೊಹರು ಮುಗಿಯುವವರೆಗೂ ಬಳಸುವ ಅಂಗಡಿಯವರಿಗೆ ಒಂದೆರಡು ವರ್ಷ ರಿಯಾಯಿತಿ ಕೊಡಿ. ಇಂಗ್ಲಿಷಿನಲ್ಲಿ ‘ಶಿಮೊಗಾ’ ಹೋಗಿ ‘ಶಿವಮೊಗ್ಗ’ ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಕನ್ನಡದ ಮೊಹರಿನಲ್ಲಿ ಮೊದಲಿನಿಂದಲೂ ಶಿವಮೊಗ್ಗವೇ, ಅದರಿಂದ ಕಾಲ ತಿಳಿಯದು. ಮೊಹರು ಹೇಳುವುದು ಇಲ್ಲಿ ಮಾರಾಟವಾದ ಕಾಲವನ್ನು ಮಾತ್ರ, ಗೋಲಿ ತಯಾರಾದ ಕಾಲವನ್ನಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಡಬ್ಬಿಗಳಿಗೆ ಬೂಷ್ಟು ಹಿಡಿಯುತ್ತಿದೆ. ಏನು ಮಾಡಲಿ?
– ಓದುಗರು, ಹೊಸನಗರ

ಉತ್ತರ: ನಮ್ಮ ಜಡಿಮಳೆಯಲ್ಲಿ ಗೋಲಿಗೆ ಚಿಂತೆಯಿಲ್ಲ, ರಟ್ಟಿಗೆ ಕಷ್ಟ. ಬೂಷ್ಟು ಹಸಿಯಿದ್ದಾಗ ಒರೆಸಿದರೆ ಕಾಗದದೊಳಕ್ಕೆ ಇಳಿಯುತ್ತದೆ. ಮೊದಲು ನೆರಳಿನಲ್ಲಿ ಫ್ಯಾನ್ ಗಾಳಿಗೆ ಒಣಗಿಸಿ, ಆಮೇಲೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಜಗುಲಿಯಲ್ಲಿ ಮೆತ್ತನೆಯ ಬ್ರಷ್‌ನಿಂದ ಉದುರಿಸಿ. ಬಿಸಿಲಿಗಿಟ್ಟರೆ ಬಣ್ಣ ಹೋಗುತ್ತದೆ.

ಐದು ಲೀಟರಿನ ಗಾಳಿಯಾಡದ ಡಬ್ಬಕ್ಕೆ ಬಟ್ಟೆ ಪೊಟ್ಟಣದಲ್ಲಿ ಕಟ್ಟಿದ 100 ಗ್ರಾಂ ಸಿಲಿಕಾ ಜೆಲ್, ಜೊತೆಗೆ ಸಣ್ಣ ತೇವಮಾಪಕ ಇಡಿ. ತೇವಾಂಶ ಶೇ. 45ರಿಂದ 55ರೊಳಗೆ ನಿಲ್ಲಬೇಕು. 40ಕ್ಕಿಂತ ಕೆಳಗಿಳಿದರೆ ಜೆಲ್ ಸ್ವಲ್ಪ ತೆಗೆಯಿರಿ, ಇಲ್ಲದಿದ್ದರೆ ಹಳೇ ರಟ್ಟು ಮಡಿಕೆಯಲ್ಲಿ ಸೀಳುತ್ತದೆ. ಕಿತ್ತಳೆ ಹರಳು ಹಸಿರಾದರೆ ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ ಮತ್ತೆ ಬಳಸಿ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಕಾಗದದ ಮೇಲೆ ಮತ್ತೆ ಹರಳುಗಟ್ಟುತ್ತದೆ, ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ರಬ್ಬರ್ ಬ್ಯಾಂಡ್, ಸೆಲೋಟೇಪ್ ಎರಡೂ ದೂರವಿರಲಿ. ಅಂಟಿನ ಕಲೆ ತೆಗೆಯಲು ಹೋದರೆ ಅಕ್ಷರವೇ ಕಿತ್ತು ಬರುತ್ತದೆ.

ಪ್ರಶ್ನೆ: ಗೋಲಿ ಸೋಡಾ ಬಾಟಲಿ ಒಡೆದು ಗೋಲಿ ತೆಗೆದಿಟ್ಟುಕೊಳ್ಳಬಹುದೇ?
– ಓದುಗರು, ಸೊರಬ

ಉತ್ತರ: ಹೈರಮ್ ಕಾಡ್ 1870ರ ದಶಕದಲ್ಲಿ ಪೇಟೆಂಟ್ ಪಡೆದ ಆ ಬಾಟಲಿಯೇ ಗೋಲಿಯ ಮೂಲ ಡಬ್ಬಿ. ಒಡೆಯಬೇಡಿ.