ಸಂಪಾದಕರ ಉತ್ತರ: ಅಂಚಿನಲ್ಲಿ ಬರೆದ ಪ್ರಶ್ನೆ

ಬೆಟಗೇರಿಯಿಂದ ಸಹೋದರಿಯೊಬ್ಬರು ಮೂರು ಹಾಳೆ ತುಂಬ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಗಂಡ ಮಗ್ಗದ ಕೆಲಸದವರು. 11 ವರ್ಷ ಕುಡಿದರು. ಜೊತೆಗೆ ಕೆಲಸ ಮಾಡುವ ಗೆಳೆಯರೊಬ್ಬರು ಚರ್ಚಿನ ಭಾನುವಾರದ ಆರಾಧನೆಗೆ ಕರೆದುಕೊಂಡು ಹೋದ ಮೇಲೆ 14 ತಿಂಗಳಿಂದ ಮುಟ್ಟಿಲ್ಲ. ಅತ್ತೆ ಮನೆಯವರು ಮಾತ್ರ "ಇದೂ ಒಂದು ಹುಚ್ಚು, ನಾಲ್ಕು ದಿನ" ಎನ್ನುತ್ತಾರಂತೆ. "ಇದು ನಿಜವಾಗ್ಲೂ ದೇವರ ಕೆಲಸವಾ? ಉಳಿಯುತ್ತಾ?" ಎಂದು ಕೇಳಿದ್ದಾರೆ. ಇನ್ನೊಂದು ಪ್ರಶ್ನೆ ಕೊನೆಯ ಹಾಳೆಯ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿದೆ. 9 ವರ್ಷದ ಮಗನಿಗೆ ಫಿಟ್ಸ್ ಬರುತ್ತದೆ. ಕೂಟಕ್ಕೆ ಬರುವ ಒಬ್ಬರು "ನಿಮಗೆ ವಿಶ್ವಾಸ ಸಾಲದು, ಮಾತ್ರೆ ನಿಲ್ಲಿಸಿ ನೋಡಿ" ಎಂದಿದ್ದಾರಂತೆ.

ಸಹೋದರಿ, ಅಂಚಿನದ್ದಕ್ಕೇ ಮೊದಲು ಉತ್ತರ ಕೊಡುತ್ತೇನೆ. ಮಾತ್ರೆ ನಿಲ್ಲಿಸಬೇಡಿ. ಒಂದು ಹೊತ್ತಿನದ್ದೂ ತಪ್ಪಿಸಬೇಡಿ. ಫಿಟ್ಸ್ ಮಾತ್ರೆ ದಿಢೀರನೆ ಬಿಟ್ಟರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಮಗುವಿನ ಜೀವಕ್ಕೇ ಕುತ್ತು ಬರಬಹುದು. ಎರಡು ಮೂರು ವರ್ಷ ಫಿಟ್ಸ್ ಬರದಿದ್ದರೆ ಡಾಕ್ಟರೇ ನೋಡಿ, ಬೇಕೆನಿಸಿದರೆ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತಾರೆ. ಅದು ಅವರ ಕೆಲಸ, ಕೂಟದಲ್ಲಿ ಕೂತವರದ್ದಲ್ಲ.

ನಾನೂ ಮಿಷನ್ ಕಂಪೌಂಡಿನಲ್ಲಿ ಹುಟ್ಟಿ ಬೆಳೆದವನು. ಹಾಗಾಗಿ ಆ ಮಾತು ಓದಿದಾಗ ಸಿಟ್ಟು ಜಾಸ್ತಿಯೇ ಬಂತು. ನೀವು ಇರುವುದು ಬೆಟಗೇರಿಯಲ್ಲಿ. ನಿಮ್ಮೂರಿನ ಜರ್ಮನ್ ದವಾಖಾನೆ ಕಟ್ಟಿದವರು ಯಾರು? ಪ್ರಾರ್ಥನೆ ಮಾಡುವ ಮಿಷನರಿಗಳೇ ಅಲ್ವಾ? ಮಾತ್ರೆ, ಸೂಜಿ ಹಿಡಿಯುವುದು ವಿಶ್ವಾಸಕ್ಕೆ ಕಡಿಮೆ ಅಂತ ಅವರಿಗೆ ಅನಿಸಲಿಲ್ಲ. ಬೈಬಲ್ಲಿನಲ್ಲಿ ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ಓದಿ. ಹುಟ್ಟುಕುರುಡನನ್ನು ನೋಡಿ ಶಿಷ್ಯರು, ಪಾಪ ಯಾರದ್ದು, ಇವನದ್ದೋ ಇವನ ತಂದೆತಾಯಿಯದ್ದೋ ಎಂದು ಕೇಳುತ್ತಾರೆ. ಯೇಸು ಇಬ್ಬರದ್ದೂ ಅಲ್ಲ ಎನ್ನುತ್ತಾನೆ. ಊರೂರು ಸುತ್ತಿ ಸುವಾರ್ತೆ ಸಾರಿದ ಪೌಲನಿಗೂ ಶರೀರದಲ್ಲಿ ಒಂದು ಶೂಲ ಇತ್ತು. ತೆಗೆದುಬಿಡು ಅಂತ ಮೂರು ಸಲ ಬೇಡಿದ. ಸಿಕ್ಕಿದ ಉತ್ತರ "ನನ್ನ ಕೃಪೆಯೇ ನಿನಗೆ ಸಾಕು" ಅಂತ. ಶೂಲ ಹೋಗಲಿಲ್ಲ. ಪೌಲನಿಗೆ ವಿಶ್ವಾಸ ಸಾಲದು ಅಂತ ಹೇಳುವವರು ಯಾರಾದರೂ ಇದ್ದಾರಾ?

ಇನ್ನು ನಿಮ್ಮ ಯಜಮಾನರ ವಿಷಯ.

ಹುಬ್ಬಳ್ಳಿಯಲ್ಲಿ ನಮ್ಮ ಮನೆಯಿಂದ ಮೂರನೇ ಮನೆಯಲ್ಲಿ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಒಬ್ಬರಿದ್ದರು. ನಾವು ಹುಡುಗರು ಅವರನ್ನು ಮಾಮಾ ಅನ್ನುತ್ತಿದ್ದೆವು. ಪಗಾರದ ದಿನ ಬಂತೆಂದರೆ ಅವರ ಹೆಂಡತಿ ಸೆರಗು ಹೊದ್ದು ಓಣಿಯ ತುದಿಯಲ್ಲಿ ನಿಲ್ಲುತ್ತಿದ್ದರು. ಗಂಡ ಬರುತ್ತಾನಾ, ಪಗಾರ ಬರುತ್ತಾ ಅಂತ. ಎಷ್ಟೋ ಸಲ ಎರಡೂ ಬರುತ್ತಿರಲಿಲ್ಲ. ಆಮೇಲೆ ಮಾಮಾ ಚರ್ಚಿಗೆ ಹೋಗಲು ಶುರು ಮಾಡಿದರು. ದೊಡ್ಡ ದರ್ಶನ ಏನೂ ಆಗಲಿಲ್ಲ. ಆದದ್ದು ಇಷ್ಟೇ: ಪಗಾರದ ದಿನ ಸಂಜೆ ಅದೇ ಸಭೆಯ ಒಬ್ಬ ಮುದುಕರು ಸೈಕಲ್ ಹಿಡಿದು ವರ್ಕ್‌ಶಾಪ್ ಗೇಟಿನ ಹತ್ತಿರ ಕಾಯುತ್ತಿದ್ದರು. ಇಬ್ಬರೂ ಸೈಕಲ್ ತಳ್ಳಿಕೊಂಡು, ಮಾತಾಡುತ್ತಾ, ಸೆರೆ ಅಂಗಡಿ ಇಲ್ಲದ ಸುತ್ತುದಾರಿಯಲ್ಲಿ ಬರುತ್ತಿದ್ದರು. ಮನೆಯಲ್ಲಿ ಚಹಾ ಕುಡಿದು, ಒಂದು ಕೀರ್ತನೆ ಓದಿ ಮುದುಕರು ಹೊರಡುತ್ತಿದ್ದರು. ಹ್ಯಾಂಡಲಿಗೆ ನೇತುಹಾಕಿದ ಮಾಮಾನ ಖಾಲಿ ಟಿಫಿನ್ ಡಬ್ಬಿ ಟಕ್ ಟಕ್ ಎನ್ನುತ್ತಿದ್ದದ್ದು ನನಗೆ ಇವತ್ತಿಗೂ ನೆನಪಿದೆ. ಆ ಸಪ್ಪಳ ಕೇಳಿದ ಮೇಲೆ ಅವರ ಹೆಂಡತಿ ಒಳಗೆ ಹೋಗಿ ಒಲೆ ಹಚ್ಚುತ್ತಿದ್ದರು.

ಮಾಮಾ ಎರಡು ಸಲ ಜಾರಿದರು. ಎರಡನೇ ಸಲ ನಾಚಿಕೆಯಾಗಿ ಮೂರು ವಾರ ಚರ್ಚಿಗೆ ಹೋಗಲಿಲ್ಲ. ಮೂರನೇ ಭಾನುವಾರ ಮುದುಕರೇ ಮನೆಗೆ ಬಂದು "ನಿನ್ನ ಜಾಗಾ ಖಾಲಿ ಐತಲ್ಲೋ" ಅಂದರು. ಬೈಯಲಿಲ್ಲ.

ಇದು ದೇವರ ಕೆಲಸವಾ, ಮನುಷ್ಯರ ಕೆಲಸವಾ ಅಂತ ನೀವು ಕೇಳಿದರೆ, ನಾನು ಆ ಎರಡನ್ನೂ ಬೇರೆ ಬೇರೆ ಮಾಡಲಾರೆ. ಆ ಮುದುಕರು ಸುಮ್ನೆ ಟೈಂಪಾಸಿಗೆ ಗೇಟಿನಲ್ಲಿ ನಿಲ್ಲುತ್ತಿರಲಿಲ್ಲ. ಅವರನ್ನು ಅಲ್ಲಿ ನಿಲ್ಲಿಸಿದ್ದು ಅವರ ವಿಶ್ವಾಸ. ಕುಡಿತ ಬಿಡುವವರು ಸೇರುವ 'ಆಲ್ಕೊಹಾಲಿಕ್ಸ್ ಅನಾನಿಮಸ್' ಗೊತ್ತಲ್ಲ? ಅದು 1935ರಲ್ಲಿ ಅಮೆರಿಕದ ಅಕ್ರನ್ ಊರಿನಲ್ಲಿ ಹುಟ್ಟಿದ್ದೂ ಹೀಗೇ. ಕುಡಿತಕ್ಕೆ ಸಿಕ್ಕಿದ್ದ ಇಬ್ಬರು, ಒಬ್ಬ ಷೇರು ವ್ಯವಹಾರದವ, ಇನ್ನೊಬ್ಬ ಡಾಕ್ಟರ್. ಇಬ್ಬರೂ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟದಲ್ಲಿ ಕೂತು ಬಂದವರು. ತಪ್ಪು ಒಪ್ಪಿಕೊಳ್ಳುವುದು, ಕೆಟ್ಟ ಸಂಬಂಧ ಸರಿಮಾಡಿಕೊಳ್ಳುವುದು, ಇನ್ನೊಬ್ಬ ಕುಡುಕನ ಹತ್ತಿರ ಹೋಗುವುದು, ಇವೆಲ್ಲ ಅಲ್ಲಿಂದಲೇ ಬಂದವು. ಇವತ್ತು ಅಲ್ಲಿ ಯಾವ ಧರ್ಮದವರಾದರೂ ಕೂರಬಹುದು.

ಉಳಿಯುತ್ತಾ ಅಂತ ಕೇಳಿದ್ದೀರಿ. ಗ್ಯಾರಂಟಿ ಕೊಡುವವರನ್ನು ನಂಬಬೇಡಿ. ಜಾರಿದರೆ ದೇವರು ಕೈಬಿಟ್ಟ ಅಂತ ಅಳುತ್ತಾ ಕೂರಬೇಡಿ, ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಹಳ ದಿನ ಕುಡಿದವರು ಒಮ್ಮೆಲೇ ಬಿಟ್ಟರೆ ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಅದಕ್ಕೆ ಔಷಧಿ ಇದೆ.

ವಿಶ್ವಾಸ ಬಂದರೆ ಕಷ್ಟ ಹೋಗುತ್ತದೆ ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಆ ಮಾತು ಕೇಳಿದಾಗೆಲ್ಲ ಪಂಡಿತಾ ರಮಾಬಾಯಿ ನೆನಪಾಗುತ್ತಾರೆ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ, ಗಂಗಾಮೂಲದಲ್ಲಿ ಹುಟ್ಟಿದವರು. ಬರಗಾಲದಲ್ಲಿ ಅಪ್ಪ, ಅವ್ವ, ಅಕ್ಕ ಹೋದರು. ಆಮೇಲೆ ಅಣ್ಣ ಹೋದ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡ ಕಾಲರಾದಲ್ಲಿ ತೀರಿದ, ಕೈಯಲ್ಲಿ ಪುಟ್ಟ ಮಗಳು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷಾಸ್ನಾನ ಮಾಡಿಸಿಕೊಂಡರು. ಅಷ್ಟಕ್ಕೇ ತಲೆಬಾಗಿ ಕೂರಲಿಲ್ಲ, ದೀಕ್ಷೆ ಕೊಟ್ಟವರ ಜೊತೆಗೇ ಸಿದ್ಧಾಂತದ ಜಗಳ ಆಡಿದರು. 1896–97ರ ಬರದಲ್ಲಿ ಬೀದಿಪಾಲಾದ ಹೆಣ್ಣುಮಕ್ಕಳನ್ನು ಪುಣೆ ಹತ್ತಿರದ ಕೇಡಗಾಂವಿಗೆ ಕರೆತಂದು, ಅನ್ನ ಹಾಕಿ ಓದು, ಕಸುಬು ಕಲಿಸಿದರು. ಕಷ್ಟ ಬೆನ್ನು ಬಿಟ್ಟಿತಾ? ಇಲ್ಲ. ಕಿವಿ ಕೇಳದಾಯಿತು. 1921ರಲ್ಲಿ ಇದ್ದೊಬ್ಬ ಮಗಳು ಮನೋರಮಾ ತೀರಿಕೊಂಡಳು. ರಮಾಬಾಯಿ ಬೈಬಲ್ಲನ್ನು ಮರಾಠಿಗೆ ತರುವ ಕೆಲಸ ಬಿಡಲಿಲ್ಲ. ಮುಂದಿನ ವರ್ಷ ಅವರೂ ಹೋದರು.

ಅತ್ತೆಯವರ ಜೊತೆ ವಾದ ಮಾಡಲು ಹೋಗಬೇಡಿ. 14 ತಿಂಗಳ ಪಗಾರ ಮನೆಗೆ ಬಂದದ್ದು ಅವರಿಗೂ ಕಂಡಿರುತ್ತದೆ. ಆ ಗೆಳೆಯರನ್ನು ಒಂದು ದಿನ ಊಟಕ್ಕೆ ಕರೆಯಿರಿ, ಅತ್ತೆಯವರೇ ಬಡಿಸಲಿ. ಮಾತ್ರೆ ಬಿಡಿ ಎಂದವರ ಮಾತನ್ನು ಪಾಸ್ಟರಿಗೆ ನೇರವಾಗಿ ಹೇಳಿ, ಮುಚ್ಚಿಡಬೇಡಿ.

ಮಗನ ಮಾತ್ರೆ ಇನ್ನೆಷ್ಟು ದಿನಕ್ಕೆ ಉಳಿದಿದೆ ಅಂತ ಇವತ್ತೇ ಎಣಿಸಿ ನೋಡಿ, ಸಹೋದರಿ.

— ಸಂಪಾದಕ