ಫೈಬ್ರೊಮಯಾಲ್ಜಿಯದ ನೋವಿಗೆ, ಸುಸ್ತಿಗೆ ಮಾತ್ರೆ ಬಿಟ್ಟು ಬೇರೆ ದಾರಿ ಇದೆಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಿರಾಜಪೇಟೆ ಕಡೆಯವರು, ಮೂವತ್ತಾರು ವರ್ಷ, ಎರಡು ತಿಂಗಳ ಹಿಂದೆ ಮೈಸೂರಿನ ತಜ್ಞರು ಮೈಯೆಲ್ಲ ನೋಯುವ ಈ ಕಾಯಿಲೆಗೆ ಹೆಸರು ಹೇಳಿದ್ದಾರೆ, ಮಳೆ ಹಿಡಿದಾಗಿನಿಂದ ಹಾಸಿಗೆ ಬಿಟ್ಟು ಏಳಲಾಗುತ್ತಿಲ್ಲ. ಈ ನೋವಿಗೆ ಕೊಟ್ಟ ಡುಲೋಕ್ಸೆಟಿನ್ ಮಾತ್ರೆ ನಿಲ್ಲಿಸಿ ನೈಸರ್ಗಿಕವಾಗಿ ಸರಿಮಾಡಿಕೊಳ್ಳಬಹುದೇ, ಅತ್ತೆ ಹೇಳುವ ನಾಟಿ ಮದ್ದು ತೆಗೆದುಕೊಳ್ಳಲೇ ಎಂದು ಕೇಳಿದ್ದೀರಿ. ನಾನು ವೈದ್ಯೆಯಲ್ಲ. ಸುಂಟಿಕೊಪ್ಪದ ಹತ್ತಿರ ನಾಲ್ಕು ಎಕರೆ ರೊಬಸ್ಟ ಕಾಫಿ ತೋಟ ಇಟ್ಟುಕೊಂಡಿರುವ ಐವತ್ತೊಂದು ವರ್ಷದ ಹೆಂಗಸು. ಈ ನೋವಿನ ಜೊತೆ ಒಂಬತ್ತು ವರ್ಷ ಕಳೆದಿದ್ದೇನೆ. ಅದಕ್ಕೊಂದು ಹೆಸರು ಸಿಕ್ಕಿ ಆರು ವರ್ಷ.

ಮಾತ್ರೆಯ ವಿಚಾರವನ್ನು ಮೊದಲೇ ಹೇಳಿಬಿಡುತ್ತೇನೆ. ಡುಲೋಕ್ಸೆಟಿನ್ ಅನ್ನು ದಯವಿಟ್ಟು ಒಮ್ಮೆಲೇ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದರೆ ತಲೆಸುತ್ತು, ಓಕರಿಕೆ, ತಲೆಯೊಳಗೆ ಕರೆಂಟು ಹೊಡೆದಂತಹ ಅನುಭವ ಆಗುವುದುಂಟು. ಬೇಡವೆಂದರೆ ಬರೆದುಕೊಟ್ಟ ವೈದ್ಯರನ್ನೇ ಕೇಳಿ, ಪ್ರಮಾಣ ಇಳಿಸುತ್ತಾ ಬಿಡಬೇಕು. ನಾನೂ ರಾತ್ರಿ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್ ಎನ್ನುವ ಮಾತ್ರೆ ನುಂಗುತ್ತೇನೆ, ಅದರಿಂದ ನನಗೇನೂ ಅವಮಾನವಾಗಿಲ್ಲ. ಮಾತ್ರೆಯೋ ನೈಸರ್ಗಿಕವೋ ಎಂದು ಎರಡು ಪಕ್ಷ ಕಟ್ಟುವುದೇ ತಪ್ಪು ಎನ್ನುವುದು ನನ್ನ ಅಭಿಪ್ರಾಯ. ಮಾತ್ರೆ ಸ್ವಲ್ಪ ಭಾರ ಹೊರುತ್ತದೆ, ಮಿಕ್ಕದ್ದನ್ನು ನಾವು ಹೊರಬೇಕು.

ಈ ಕಾಯಿಲೆಯಲ್ಲಿ ಏನಾಗುತ್ತದೆ ಎನ್ನುವುದು ನನಗೆ ಅರ್ಥವಾದದ್ದು ನಮ್ಮ ಮನೆಯ ನಾಯಿಯಿಂದ. ಒಂದು ವರ್ಷ ಹಲಸಿನ ಕಾಲದಲ್ಲಿ ಆನೆ ತೋಟಕ್ಕೆ ನುಗ್ಗಿ, ಬೇಲಿ ಮುರಿದು, ಮನೆಯ ಹಿಂದಿನ ಮರದ ತನಕ ಬಂದಿತ್ತು. ಆ ರಾತ್ರಿಯ ನಂತರ ನಮ್ಮ ನಾಯಿ ಒಣ ಎಲೆ ಬಿದ್ದರೂ ಬೊಗಳತೊಡಗಿತು, ಸಿಲ್ವರ್ ಓಕ್ ಕೊಂಬೆ ಅಲುಗಿದರೂ ಬೊಗಳಿತು. ಆನೆ ಹೋಗಿ ತಿಂಗಳಾದರೂ ಅದಕ್ಕೆ ನಿದ್ದೆಯಿಲ್ಲ, ನಮಗೂ ಇಲ್ಲ. ನಾಯಿ ಸುಳ್ಳು ಹೇಳುತ್ತಿರಲಿಲ್ಲ, ಅದರ ಕಿವಿಗೆ ಎಲೆಯೂ ಆನೆಯೂ ಒಂದೇ ಆಗಿತ್ತು. ಫೈಬ್ರೊಮಯಾಲ್ಜಿಯದಲ್ಲಿ ಮಿದುಳು, ಬೆನ್ನುಹುರಿಯ ನರಗಳು ಇದೇ ಸ್ಥಿತಿಗೆ ಬಂದಿರುತ್ತವೆ. ಕೀಲು ಸವೆದಿರುವುದಿಲ್ಲ, ಸ್ನಾಯು ಹರಿದಿರುವುದಿಲ್ಲ, ಆದರೆ ಸಣ್ಣ ಒತ್ತಡವೂ ನೋವಾಗಿಯೇ ಮುಟ್ಟುತ್ತದೆ. ಆದ್ದರಿಂದಲೇ ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲವೂ ಸರಿಯಾಗಿಯೇ ಬರುತ್ತವೆ. ನನ್ನ ಮೂರು ವರ್ಷದ ಓಡಾಟದಲ್ಲಿ ಒಬ್ಬ ವೈದ್ಯರು ರಿಪೋರ್ಟುಗಳನ್ನು ಜೋಡಿಸಿ ಕೈಗಿಟ್ಟು, ‘ನಿಮಗೇನೂ ಇಲ್ಲಮ್ಮ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದರು. ಅಂದು ಬಸ್ಸಿನಲ್ಲಿ ಕುಶಾಲನಗರ ಬರುವ ತನಕ ಅತ್ತಿದ್ದೆ.

1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರು ಮೈಮೇಲೆ ಹದಿನೆಂಟು ಜಾಗಗಳನ್ನು ಗುರುತಿಸಿ, ಒತ್ತಿದಾಗ ಅವುಗಳಲ್ಲಿ ಹನ್ನೊಂದಾದರೂ ನೋಯಬೇಕು ಎಂದು ನಿಯಮ ಮಾಡಿದ್ದರು. 2010ರಲ್ಲಿ ಆ ಒತ್ತಿ ನೋಡುವ ಲೆಕ್ಕವನ್ನು ಕೈಬಿಟ್ಟು, ಎಲ್ಲೆಲ್ಲಿ ನೋವು, ಎಷ್ಟು ಸುಸ್ತು, ಎದ್ದಾಗ ನಿದ್ದೆ ಮಾಡಿದ ಹಾಗೆ ಅನಿಸುತ್ತದೆಯೇ, ನೆನಪು ಹೇಗಿದೆ ಎಂದು ಕೇಳುವ ಕ್ರಮ ತಂದರು. ನೀವು ಪತ್ರದಲ್ಲಿ ಹೇಳಿದ ಮರೆವೂ ಇದರ ಭಾಗವೇ. ಕೆಲಸದವರಿಗೆ ವಾರದ ಬಟವಾಡೆ ಕೊಡುವಾಗ ನಾನು ಒಬ್ಬಳಿಗೇ ಎರಡು ಸಲ ಕೊಟ್ಟದ್ದಿದೆ. ಅವಳೇ ನಗುತ್ತಾ ವಾಪಸು ಕೊಟ್ಟಳು.

ಇನ್ನು ನೈಸರ್ಗಿಕ ದಾರಿ. ಎಲ್ಲರೂ ಬಾಯಿಗೆ ಹಾಕಿಕೊಳ್ಳುವ ವಸ್ತುವನ್ನೇ ಹುಡುಕುತ್ತಾರೆ, ನಾನೂ ಹುಡುಕಿದೆ. ನನಗೆ ಕೆಲಸ ಮಾಡಿದ್ದು ಒಂದು ಹಾಜರಿ ಪುಸ್ತಕ.

ತೋಟದಲ್ಲಿ ಕೆಲಸದವರ ಲೆಕ್ಕ ಬರೆಯುವ ಉದ್ದನೆಯ ಪುಸ್ತಕ ನೀವೂ ನೋಡಿರುತ್ತೀರಿ, ಎಸ್ಟೇಟಿನವರು ಚೆಕ್‌ರೋಲ್ ಎನ್ನುತ್ತಾರೆ. ಪೂರ್ತಿ ದಿನಕ್ಕೆ ಒಂದು, ಅರ್ಧ ದಿನಕ್ಕೆ ಅರೆ, ಬಾರದಿದ್ದರೆ ಸೊನ್ನೆ. ಒಂದು ಡಿಸೆಂಬರಿನಲ್ಲಿ ಹೆಸರುಗಳ ಸಾಲಿನ ಕೊನೆಗೆ ತಮಾಷೆಗೆ ನನ್ನ ಹೆಸರನ್ನೂ ಬರೆದೆ. ನಾನು ಎಷ್ಟು ಕೆಲಸ ಮಾಡಿದೆ ಎಂದು ದಿನಾ ರಾತ್ರಿ ಒಂದು, ಅರೆ, ಸೊನ್ನೆ ಹಾಕುತ್ತಾ ಹೋದೆ. ಪಕ್ಕದಲ್ಲಿ ಮಳೆ ಬಂದಿದ್ದರೆ ಒಂದು ಚುಕ್ಕಿ. ಮಳೆ, ಥಂಡಿಯೇ ನನ್ನ ಶತ್ರು ಎಂದು ಆಗ ನಂಬಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ತಿರುವಿ ನೋಡಿದರೆ ಲೆಕ್ಕ ಬೇರೆಯೇ ಇತ್ತು. ಸೊನ್ನೆಗಳು ಜೂನ್, ಜುಲೈನಲ್ಲಿ ಇದ್ದವು ನಿಜ, ಆದರೆ ಅವಕ್ಕಿಂತ ಹೆಚ್ಚು ಸೊನ್ನೆಗಳು ಬಿದ್ದದ್ದು ಒಣಬಿಸಿಲಿನ ಜನವರಿ, ಫೆಬ್ರವರಿಯಲ್ಲಿ. ಪ್ರತಿ ಸೊನ್ನೆಯ ಹಿಂದಿನ ದಿನಗಳ ಚೌಕದಲ್ಲಿ ಒಂದು, ಒಂದು ಎಂದಿತ್ತು. ಒಂದು ಕಡೆಯಂತೂ ಸಾಲಾಗಿ ಮೂರು ಒಂದು, ಆಮೇಲೆ ನಾಲ್ಕು ಸೊನ್ನೆ. ಆ ವಾರ ನನಗೆ ನೆನಪಿದೆ. ಕಣದಲ್ಲಿ ಕಾಫಿ ಹರವಿತ್ತು, ಅಕಾಲದಲ್ಲಿ ಮೋಡ ಕಟ್ಟಿತು, ಕೆಲಸದವರು ಮನೆಗೆ ಹೋಗಿಯಾಗಿತ್ತು. ಅಂದು ಮೈ ಹಗುರವಾಗಿತ್ತು ಎನ್ನುವ ಧೈರ್ಯದಲ್ಲಿ ಒಬ್ಬಳೇ ಅಷ್ಟನ್ನೂ ಎಳೆದು ರಾಶಿ ಮಾಡಿ ಟಾರ್ಪಾಲು ಹೊದಿಸಿದೆ. ಮರುದಿನ ಮತ್ತೆ ಹರವಿದೆ, ಅದರ ಮರುದಿನ ಮೂಟೆ ಕಟ್ಟಿದೆ. ನಾಲ್ಕನೆಯ ದಿನ ತಲೆ ಬಾಚಲು ಬಾಚಣಿಗೆ ಹಿಡಿದ ಕೈ ಕಿವಿಯ ಮೇಲಕ್ಕೆ ಏರಲಿಲ್ಲ. ಮಗಳು ಬಂದು ಜಡೆ ಹಾಕಿದಳು.

ಬಿದ್ದ ದಿನಕ್ಕೆ ಕಾರಣವನ್ನು ಆ ದಿನದಲ್ಲೇ ಹುಡುಕುತ್ತಿದ್ದೆ, ಅದು ಎರಡು ದಿನ ಹಿಂದೆ ಕುಳಿತಿತ್ತು. ಚೆನ್ನಾಗಿರುವ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಿಬಿಡುವ ಆಸೆ ನಮ್ಮಂತಹವರಿಗೆ ಹೆಚ್ಚು, ಅದೇ ನಮ್ಮನ್ನು ಕೆಡವುವುದು. ಅಂದಿನಿಂದ ನನ್ನ ಸಾಲಿನಲ್ಲಿ ಒಂದನ್ನು ಬರೆಯುವುದೇ ಇಲ್ಲ ಎಂದು ತೀರ್ಮಾನಿಸಿದೆ. ದಿನಾ ಅರೆ. ಮೈ ಹಗುರವಾಗಿದ್ದರೂ ಅರೆ, ಭಾರವಾಗಿದ್ದರೂ ಆದಷ್ಟು ಎದ್ದು ಅರೆಯ ಹತ್ತಿರ ಬರುವುದು. ಮೊಬೈಲಿನಲ್ಲಿ ಇಪ್ಪತ್ತೈದು ನಿಮಿಷಕ್ಕೆ ಅಲಾರಂ ಇಟ್ಟು ಕಾಫಿ ಮಗುಚುತ್ತೇನೆ. ಅದು ಕೂಗಿದಾಗ ‘ಇನ್ನೊಂದು ಸಾಲು ಆಗುತ್ತದೆ’ ಎನಿಸುತ್ತದೆ, ಆಗಲೇ ಹಲಗೆ ಗೋಡೆಗೆ ಒರಗಿಸಿ ಜಗಲಿಯಲ್ಲಿ ಕುಳಿತುಕೊಳ್ಳುತ್ತೇನೆ. ಇದು ಬರೆದಷ್ಟು ಸುಲಭವಲ್ಲ. ಅಕ್ಕಪಕ್ಕದವರು ಕೆಲಸ ಮಾಡುತ್ತಿರುವಾಗ, ಕೈಕಾಲು ನೆಟ್ಟಗಿರುವಾಗ ಸುಮ್ಮನೆ ಕೂರುವುದು ನನಗೆ ನೋವಿಗಿಂತ ಕಷ್ಟವಾಗಿತ್ತು. ಎರಡನೆಯ ವರ್ಷದ ಪುಸ್ತಕದಲ್ಲಿ ಸೊನ್ನೆಗಳು ಅರ್ಧದಷ್ಟಾದವು. ನೋವು ಹೋಗಲಿಲ್ಲ, ಆದರೆ ನಾಳೆ ಏಳಬಲ್ಲೆ ಎಂದು ಹೇಳುವಂತಾಯಿತು. ಮದುವೆಗೆ ಬರುತ್ತೇನೆ ಎಂದು ಮಾತು ಕೊಡುವಂತಾಯಿತು.

ಹಾಗೆಂದು ಮಲಗಿಯೇ ಇರಬೇಡಿ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2016ರಲ್ಲಿ ಈ ಕಾಯಿಲೆಯ ಎಲ್ಲ ಚಿಕಿತ್ಸೆಗಳನ್ನೂ ತೂಗಿ ನೋಡಿ, ಬಲವಾಗಿ ಶಿಫಾರಸು ಮಾಡಿದ್ದು ಒಂದನ್ನೇ, ವ್ಯಾಯಾಮವನ್ನು. ಔಷಧಿಗಳಿಗೆಲ್ಲ ಅದರ ಕೆಳಗಿನ ದರ್ಜೆ. ಆದರೆ ಎಷ್ಟರಿಂದ ಶುರು ಮಾಡಬೇಕು ಎನ್ನುವಲ್ಲಿ ಜನ ಎಡವುತ್ತಾರೆ. ನಾನು ಶುರು ಮಾಡಿದ್ದು ಆರು ನಿಮಿಷದಿಂದ, ಮನೆಯಿಂದ ಗೇಟಿಗೆ ಹೋಗಿ ಬರುವಷ್ಟು. ನಮ್ಮ ಊರಿನಲ್ಲಿ ಸಮತಟ್ಟು ಜಾಗ ಎಲ್ಲಿದೆ? ಇಳಿಯುವಾಗ ಖುಷಿಯಾಗಿ ಇಳಿದು, ಹತ್ತುವಾಗ ಅರ್ಧದಲ್ಲಿ ಕುಳಿತದ್ದಿದೆ. ಆದ್ದರಿಂದ ಕಣವೇ ನನ್ನ ಮೈದಾನ. ಮಳೆಗಾಲದಲ್ಲಿ ಕಣ ಪಾಚಿ ಕಟ್ಟುತ್ತದೆ, ಹೊರಗೆ ಜಿಗಣೆ ಬೇರೆ, ಆಗ ಜಗಲಿಯಲ್ಲೇ ಹಿಂದೆ ಮುಂದೆ. ಎರಡು ವಾರಕ್ಕೊಮ್ಮೆ ಒಂದೆರಡು ನಿಮಿಷ ಸೇರಿಸುತ್ತಾ ಅರ್ಧ ಗಂಟೆಗೆ ಬರಲು ಸುಮಾರು ಒಂದು ವರ್ಷ ಹಿಡಿಯಿತು. ಮೊದಲ ಕೆಲವು ವಾರ ನೋವು ಸ್ವಲ್ಪ ಏರುತ್ತದೆ, ಅದಕ್ಕೆ ಹೆದರಿ ಬಿಡಬೇಡಿ; ಎರಡು ದಿನವಾದರೂ ಇಳಿಯದಿದ್ದರೆ ಮಾತ್ರ ನಿಮಿಷ ಕಡಿಮೆ ಮಾಡಿ. ಚೀನಾದ ತೈ ಚಿ ಎನ್ನುವ ನಿಧಾನ ಚಲನೆಯ ಅಭ್ಯಾಸ ಈ ಕಾಯಿಲೆಗೆ ಚುರುಕಿನ ವ್ಯಾಯಾಮಕ್ಕೆ ಸರಿಸಮವಾಗಿ ಅಥವಾ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದನ್ನು 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು. ನನಗೆ ಕಲಿಸುವವರು ಸಿಗಲಿಲ್ಲ, ಹಾಗಾಗಿ ಕುರ್ಚಿ ಹಿಡಿದು ಮಾಡುವ ನಿಧಾನದ ಯೋಗಾಸನಕ್ಕೆ ತೃಪ್ತಿಪಟ್ಟೆ.

ನಿದ್ದೆಯ ಬಗ್ಗೆ ಒಂದು ಹಳೆಯ ಪ್ರಯೋಗವಿದೆ. 1975ರಲ್ಲಿ ಕೆನಡಾದ ಹಾರ್ವೆ ಮೊಲ್ಡೊಫ್ಸ್ಕಿ ಮತ್ತು ಸಂಗಡಿಗರು ಆರೋಗ್ಯವಂತರನ್ನೇ ಮಲಗಿಸಿ, ಅವರು ಗಾಢ ನಿದ್ದೆಗೆ ಇಳಿಯುವಾಗೆಲ್ಲ ಶಬ್ದ ಮಾಡಿ ಕಲಕಿದರು. ಕೆಲವೇ ರಾತ್ರಿಗಳಲ್ಲಿ ಅವರಿಗೂ ಮೈಕೈ ನೋವು, ಸುಸ್ತು ಬಂತು. ಇದನ್ನು ಓದಿದಾಗ ನಾನು ನನ್ನ ಕಾಫಿ ಲೋಟವನ್ನು ನೋಡಿದೆ. ದಿನಕ್ಕೆ ಐದು ಲೋಟ ಬೆಲ್ಲದ ಕಾಫಿ, ಅದೂ ಮನೆಯ ರೊಬಸ್ಟ ಪುಡಿ. ರೊಬಸ್ಟದಲ್ಲಿ ಅರೇಬಿಕಕ್ಕಿಂತ ಹತ್ತಿರಹತ್ತಿರ ಎರಡು ಪಟ್ಟು ಕೆಫೀನ್ ಇರುತ್ತದೆ, ಕುಡಿದು ಐದಾರು ಗಂಟೆಯಾದರೂ ಅದರ ಅರ್ಧ ಮೈಯಲ್ಲೇ ಉಳಿದಿರುತ್ತದೆ. ಸಂಜೆ ಆರರ ಲೋಟ ನಡುರಾತ್ರಿಯ ತನಕ ನನ್ನ ಜೊತೆಗಿರುತ್ತಿತ್ತು ಎಂದಾಯಿತು. ಈಗ ಬೆಳಿಗ್ಗೆ ಎರಡು, ಮಧ್ಯಾಹ್ನದ ಮೇಲೆ ಇಲ್ಲ, ಸಂಜೆ ಜೀರಿಗೆ ಕಷಾಯ. ಕೊಡಗಿನಲ್ಲಿ ಇನ್ನೊಬ್ಬರ ಮನೆಗೆ ಹೋಗಿ ಕಾಫಿ ಬೇಡ ಎನ್ನುವುದಕ್ಕೆ ಎಷ್ಟು ಧೈರ್ಯ ಬೇಕು ಎನ್ನುವುದು ನಿಮಗೆ ಗೊತ್ತು. ನಾಲ್ಕು ಮನೆಯವರು ಬೇಜಾರು ಮಾಡಿಕೊಂಡರು, ಮೂವರು ಸರಿಹೋದರು.

ಬಿಸಿನೀರು ಒಂದು ವರವೇ. ಕಾಫಿ ಕಟ್ಟಿಗೆ ಉರಿಸಿ ಹಂಡೆ ಕಾಯಿಸುವ ಹಳೆಯ ಬಚ್ಚಲು ಮನೆಯನ್ನು ಒಡೆದು ಗೀಸರ್ ಹಾಕಿಸೋಣ ಎಂದು ಮಕ್ಕಳು ಹಟ ಹಿಡಿದಿದ್ದರು, ನಾನು ಬಿಟ್ಟುಕೊಡಲಿಲ್ಲ. ಮಲಗುವ ಒಂದೂವರೆ ಗಂಟೆ ಮೊದಲು, ಹೊಗೆಯ ಆ ಮಸುಕು ಬೆಳಕಿನಲ್ಲಿ ಹೆಗಲ ಮೇಲೆ ಚೊಂಬು ಚೊಂಬಾಗಿ ಸುರಿದುಕೊಳ್ಳುವಾಗ ಕತ್ತಿನ ಬಿಗಿ ಬಿಡುವುದು ಗೊತ್ತಾಗುತ್ತದೆ. ಕಾಯಿಲೆ ವಾಸಿಯಾಗುವುದಿಲ್ಲ, ನಿದ್ದೆ ಬೇಗ ಹತ್ತುತ್ತದೆ. ಅತ್ತೆ ಎಣ್ಣೆ ಹಚ್ಚುತ್ತೇನೆ ಎಂದರೆ ಹಚ್ಚಿಸಿಕೊಳ್ಳಿ, ಮೆದುವಾಗಿ ಎಂದು ಹೇಳಿ ಅಷ್ಟೆ. ಗಟ್ಟಿಯಾಗಿ ತಿಕ್ಕಿದರೆ ನಾಯಿ ಮತ್ತೆ ಎದ್ದು ಕೂರುತ್ತದೆ.

ನಾಟಿ ಮದ್ದಿನ ಬಗ್ಗೆ ನಾನು ಸ್ವಲ್ಪ ಕಟುವಾಗಿ ಹೇಳುತ್ತೇನೆ, ಕ್ಷಮಿಸಿ. ಕೊಡಗಿನ ಕಕ್ಕಡ ತಿಂಗಳ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸವನ್ನು ನಾನೂ ತಪ್ಪದೆ ತಿನ್ನುತ್ತೇನೆ, ಆ ನೇರಳೆ ಬಣ್ಣ, ಆ ಪರಿಮಳ ಮಳೆಗಾಲದ ಸುಖಗಳಲ್ಲಿ ಒಂದು. ಮರುದಿನ ಮೂತ್ರ ಕೆಂಪಗಾದದ್ದನ್ನು ನೋಡಿ ಹೊರಗಿನಿಂದ ಬಂದ ಸೊಸೆಯಂದಿರು ಗಾಬರಿಯಾಗುವುದನ್ನೂ ನೋಡಿದ್ದೇನೆ. ಹಬ್ಬಕ್ಕೆ ಅದು ಚೆಂದ, ಈ ಕಾಯಿಲೆಗೆ ಅದು ಮದ್ದಲ್ಲ. ಅರಿಶಿನದ ಹಾಲಿಗೂ ಅಡ್ಡಿಯಿಲ್ಲ. ನನ್ನ ಹೆದರಿಕೆ ಇರುವುದು ಹೆಸರಿಲ್ಲದ ಪೊಟ್ಟಣದ ಪುಡಿಗಳ ಬಗ್ಗೆ. ನನ್ನ ಸಂಬಂಧಿಕರೊಬ್ಬರು ಅಂತಹ ಪುಡಿ ತೆಗೆದುಕೊಂಡು ಒಂದೇ ವಾರಕ್ಕೆ ಕುಣಿದಾಡಿದರು. ನಾಲ್ಕು ತಿಂಗಳಿಗೆ ಮುಖ ಚಂದ್ರನ ಹಾಗೆ ಊದಿತು, ಸಕ್ಕರೆ ಏರಿತು. ಪುಡಿಯಲ್ಲಿ ಸ್ಟಿರಾಯ್ಡ್ ಇದ್ದಿರಬೇಕು ಎಂದರು ವೈದ್ಯರು. ಸ್ಟಿರಾಯ್ಡ್ ಫೈಬ್ರೊಮಯಾಲ್ಜಿಯಕ್ಕೆ ಉಪಯೋಗವೇ ಇಲ್ಲ. ಡುಲೋಕ್ಸೆಟಿನ್ ಜೊತೆಗೆ ಕೆಲವು ಗಿಡಮೂಲಿಕೆಗಳು ಅಪಾಯಕಾರಿಯಾಗಿ ತಿಕ್ಕಾಡುವುದೂ ಉಂಟು. ಏನೇ ತೆಗೆದುಕೊಂಡರೂ ವೈದ್ಯರಿಗೆ ಹೇಳಿಯೇ ತೆಗೆದುಕೊಳ್ಳಿ.

ಆಹಾರದ ಬಗ್ಗೆ ಹೆಚ್ಚು ಹೇಳಲಾರೆ. ಇದನ್ನು ಬಿಡಿ, ಅದನ್ನು ಬಿಡಿ ಎನ್ನುವವರು ಬಹಳ, ಕಾಯಿಲೆ ಬಿಡಿಸುವ ಪಥ್ಯ ಮಾತ್ರ ಇಲ್ಲ. ಅಕ್ಕಿ ರೊಟ್ಟಿ, ಕಡಂಬುಟ್ಟು ಯಾವುದನ್ನೂ ನಾನು ಬಿಟ್ಟಿಲ್ಲ. ಥೈರಾಯ್ಡ್, ರಕ್ತಹೀನತೆ, ವಿಟಮಿನ್ ಡಿ ಇವುಗಳ ಪರೀಕ್ಷೆ ಆಗಿದೆಯೇ ನೋಡಿಕೊಳ್ಳಿ, ಏಕೆಂದರೆ ಅವುಗಳಲ್ಲಿ ತೊಂದರೆಯಿದ್ದರೂ ಹೀಗೆಯೇ ಮೈ ಹಿಂಡುತ್ತದೆ. ತಿಂಗಳುಗಟ್ಟಲೆ ಸೂರ್ಯನ ಮುಖ ಕಾಣದ ಊರು ನಮ್ಮದು. ಕೀಲು ಊದಿಕೊಂಡರೆ, ಜ್ವರ ಬಿಡದೆ ಬಂದರೆ, ತೂಕ ತಾನಾಗಿ ಇಳಿದರೆ, ಕೈಕಾಲಿನ ಶಕ್ತಿಯೇ ಹೋದಂತಾದರೆ ಎಲ್ಲವನ್ನೂ ಈ ಕಾಯಿಲೆಯ ತಲೆಗೆ ಕಟ್ಟದೆ ಮತ್ತೆ ವೈದ್ಯರ ಬಳಿ ಹೋಗಿ.

ಕೊನೆಗೆ ನೀವು ಬರೆದ ಆ ಒಂದು ಸಾಲು, ‘ಮನೆಯವರು ಸೋಮಾರಿತನ ಎನ್ನುತ್ತಾರೆ’ ಎಂಬುದು. ನನ್ನ ಯಜಮಾನರೂ ಬಾಯಿಬಿಟ್ಟು ಹೇಳದಿದ್ದರೂ ಹಾಗೆಯೇ ಅಂದುಕೊಂಡಿದ್ದರು. ನಾನು ವಾದ ಮಾಡಲಿಲ್ಲ, ಹಾಜರಿ ಪುಸ್ತಕವನ್ನು ಅವರ ಮುಂದಿಟ್ಟೆ. ಲೆಕ್ಕ ನೋಡುವುದು ಅವರಿಗೆ ಅಭ್ಯಾಸ. ಮೂರು ಒಂದರ ಮುಂದೆ ನಾಲ್ಕು ಸೊನ್ನೆ ಇರುವ ಕಡೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುವರ್ಷ ಕಾಫಿ ಹರವಿದಾಗ ಮೋಡ ನೋಡಿದ ತಕ್ಷಣ ಟಾರ್ಪಾಲು ಎಳೆಯಲು ಅವರೇ ಓಡಿದರು. ತೀರಾ ಮನಸ್ಸು ಕುಸಿದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ.

ಚೆಕ್‌ರೋಲ್ ಪುಸ್ತಕ ಗೋಣಿಕೊಪ್ಪದಲ್ಲೋ ವಿರಾಜಪೇಟೆಯಲ್ಲೋ ಸ್ಟೇಷನರಿ ಅಂಗಡಿಯಲ್ಲಿ ಕೇಳಿ. ಸಿಗದಿದ್ದರೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಸಾಕು. ಮೂರು ತಿಂಗಳು ಬರೆದು, ನಿಮ್ಮ ಸೊನ್ನೆಗಳ ಹಿಂದೆ ಏನಿತ್ತು ಎಂದು ಇಲ್ಲೇ ತಿಳಿಸಿ.